ಅಮ್ಮ ಮರಾಠಿಯಲ್ಲಿ ಮಾತಾಡಿದ ಮಳೆಗಾಲ

ಕಳೆದ ವಾರ ಸಹೋದ್ಯೋಗಿಯೊಬ್ಬರನ್ನು ನೋಡಲು ಮುಂಬಯಿಯ ಪರೇಲಿನ ಆಸ್ಪತ್ರೆಗೆ ಹೋಗಿದ್ದೆ. ಮಳೆ ಜೋರಾಗಿತ್ತು. ಲಿಫ್ಟಿನ ಎದುರು ನಿಂತವರ ಕೊಡೆಗಳಿಂದ ನೀರು ತೊಟ್ಟಿಕ್ಕಿ ನೆಲವೆಲ್ಲ ಕೆಸರಾಗಿತ್ತು. ಒಬ್ಬ ಹೆಂಗಸು ಫಿನಾಯಿಲ್ ಹಾಕಿ ಒರೆಸುತ್ತಿದ್ದಳು, ಅವಳು ಒರೆಸಿದಲ್ಲೇ ನಾವು ಮತ್ತೆ ತುಳಿಯುತ್ತಿದ್ದೆವು. ಒದ್ದೆ ಕೊಡೆ ಮತ್ತು ಫಿನಾಯಿಲು ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸಹೋದ್ಯೋಗಿ ಯಾವ ವಾರ್ಡಿನಲ್ಲಿದ್ದಾರೆ ಎನ್ನುವುದೇ ಮರೆತುಹೋಯಿತು. ಇದೇ ವಾಸನೆಯಲ್ಲಿ ನಾನು ಒಂದು ಮಳೆಗಾಲದಲ್ಲಿ ಓಡಾಡಿದ್ದೆ. ಆ ಮಳೆಗಾಲದಲ್ಲಿ ಅಮ್ಮನ ಮಾತು ಹೋಯಿತು, ಮತ್ತೆ ಬಂತು. ಹೇಗೆ ಬಂತು, ಯಾರಿಗಾಗಿ ಬಂತು ಎನ್ನುವುದು ನನಗೆ ಇವತ್ತಿಗೂ ಸರಿಯಾಗಿ ತಿಳಿದಿಲ್ಲ. ತಿಳಿದಿದ್ದರೆ ಬರೆಯುವ ಗೋಜಿಗೇ ಹೋಗುತ್ತಿರಲಿಲ್ಲ.

ಅಮ್ಮ ಮದುವೆಯಾಗಿ ಉಡುಪಿ ಕಡೆಯ ಹಳ್ಳಿಯಿಂದ ನೇರ ಜೋಗೇಶ್ವರಿಯ ಸಾಲುಮನೆಗಳ ಚಾಳಿಗೆ ಬಂದವಳು. ಅಪ್ಪ ಹೋಟೆಲೊಂದರಲ್ಲಿ ಕ್ಯಾಶಿನಲ್ಲಿ ಕೂರುತ್ತಿದ್ದರು, ಬೆಳಕು ಹರಿಯುವ ಮೊದಲೇ ಹೋದರೆ ನಾವು ಮಲಗಿದ ಮೇಲೆಯೇ ಬರುವುದು. ಹಾಗಾಗಿ ಅಮ್ಮನ ದಿನವೆಲ್ಲ ಕಳೆಯುತ್ತಿದ್ದದ್ದು ಪಕ್ಕದ ಖೋಲಿಯ ನಳಿನಿ ಮೌಶಿಯ ಜೊತೆ. ನಲ್ಲಿ ನೀರಿನ ಸಾಲಿನಲ್ಲಿ ಒಟ್ಟಿಗೆ, ಮೀನು ತರಲು ಒಟ್ಟಿಗೆ, ಹಪ್ಪಳ ಒಣಗಿಸಲು ಒಟ್ಟಿಗೆ. ಜಗಳವಾಡಿ ಮುಖ ತಿರುಗಿಸಿ ಕೂರುವುದೂ ಅಕ್ಕಪಕ್ಕದ ಹೊಸ್ತಿಲಲ್ಲೇ. ಆ ಮಾತೆಲ್ಲ ಮರಾಠಿಯಲ್ಲಿ. ಒಳಗೆ ಬಂದರೆ ನಮ್ಮೊಡನೆ ತುಳು. ಅಪ್ಪ ತರುತ್ತಿದ್ದ ವಾರಪತ್ರಿಕೆ ಓದುವಾಗ ಮಾತ್ರ ಕನ್ನಡ. ಮನೆಯೊಳಗೆ ಮರಾಠಿ ಬೇಡ ಎನ್ನುವುದು ಅಮ್ಮನದೇ ಕಾನೂನು. ಶಾಲೆಯಿಂದ ಬಂದ ನಾನು ಬಾಯಿತಪ್ಪಿ ಒಂದು ಮರಾಠಿ ಶಬ್ದ ಆಡಿದರೆ, 'ಚಪ್ಪಲಿಯ ಜೊತೆ ಅದನ್ನೂ ಹೊರಗೆ ಬಿಟ್ಟು ಬಾ' ಎನ್ನುತ್ತಿದ್ದಳು.

ಮುಲುಂಡಿಗೆ ಬಂದು ಸೊಸೈಟಿಯಲ್ಲಿ ಫ್ಲ್ಯಾಟ್ ಮಾಡಿದ ಮೇಲೆ ಇದೆಲ್ಲ ಇನ್ನಷ್ಟು ಕಲಸಿಹೋಯಿತು. ನನ್ನ ಹೆಂಡತಿ ಶಶಿಕಲಾ ಕುಂದಾಪುರದವಳು. ಅವಳಿಗೆ ತುಳು ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಆದ್ದರಿಂದ ನಮ್ಮಿಬ್ಬರದು ಕನ್ನಡ. ಮಗಳು ನಿಕಿತಾ ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಒಂದೊಂದೇ ಶಬ್ದ ಹುಡುಕಿ ಕನ್ನಡ ಆಡುತ್ತಾಳೆ, ತುಳುವಂತೂ ಸೊನ್ನೆ. ಅಜ್ಜಿ ಮತ್ತು ಮೊಮ್ಮಗಳ ನಡುವೆ 'ಊಟ ಮಾಡು', 'ಆಯ್ತು ಅಜ್ಜಿ' ಎನ್ನುವುದಕ್ಕಿಂತ ಹೆಚ್ಚಿನ ಮಾತು ನಡೆದದ್ದು ನಾನು ಕೇಳಿಲ್ಲ. ಅದನ್ನು ಯಾರೂ ಒಂದು ಕೊರತೆ ಅಂದುಕೊಂಡೂ ಇರಲಿಲ್ಲ.

ಆಷಾಢದ ಒಂದು ಬೆಳಿಗ್ಗೆ ಅಮ್ಮನ ಕೈಯಿಂದ ಚಹಾದ ಲೋಟ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವಳು ಹಾಗೇ ಕುಸಿದಳು. ಹಳಿಗಳ ಮೇಲೆ ನೀರು ನಿಂತು ಲೋಕಲ್ ಬಂದ್ ಆದ ದಿನ ಅದು. ರಸ್ತೆಯಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಆಂಬುಲೆನ್ಸಿನಲ್ಲಿ ನಾನು ಅಮ್ಮನ ಕೈ ಹಿಡಿದು ಕೂತಿದ್ದೆ, ಬಲಗೈ ಹಿಡಿದಿದ್ದೆ, ಅದರಲ್ಲಿ ಕಸುವೇ ಇರಲಿಲ್ಲ. ಪರೇಲು ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಜೀವ ಉಳಿಯಿತು. ಬಲಭಾಗ ಸೋತಿತು, ಮಾತು ಪೂರ್ತಿ ನಿಂತುಹೋಯಿತು.

ಕೆಲವು ದಿನಗಳ ಮೇಲೆ ಮಾತಿನ ಚಿಕಿತ್ಸೆ ಕೊಡುವ ಡಾಕ್ಟರು ಬಂದರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹಿಂದಿಯಲ್ಲಿ ಕೇಳಿದರು, 'ಇವರ ಮಾತೃಭಾಷೆ ಯಾವುದು?'

'ಕನ್ನಡ' ಎಂದೆ.

ಯೋಚಿಸದೆ ಬಂದ ಉತ್ತರ. ಮುಂಬಯಿಯಲ್ಲಿ ನಮ್ಮವರು ಯಾರನ್ನು ಕೇಳಿದರೂ ಹೀಗೇ ಹೇಳುತ್ತಾರೆ. ತುಳು ಎಂದರೆ ಎದುರಿನವರು 'ಯಾವುದು, ತೆಲುಗಾ?' ಎನ್ನುತ್ತಾರೆ, ಆಮೇಲೆ ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಸ್ಟೇಷನ್ ಬಂದಿರುತ್ತದೆ. ಅಪ್ಪ ನನ್ನನ್ನು ಶಾಲೆಗೆ ಸೇರಿಸುವಾಗಲೂ ಕನ್ನಡ ಎಂದೇ ಬರೆಸಿದ್ದರು. ಡಾಕ್ಟರು ಕನ್ನಡದವರನ್ನೇ ಆರೈಕೆಗೆ ಇಟ್ಟುಕೊಳ್ಳಿ, ದಿನವೂ ವಸ್ತು ತೋರಿಸಿ ಕನ್ನಡದಲ್ಲಿ ಹೆಸರು ಹೇಳಿಸಿ ಎಂದರು. ಅಮ್ಮನನ್ನು ಮನೆಗೆ ಕರೆತಂದ ಮೇಲೆ ಪರಿಚಯದವರು ಹುಡುಕಿಕೊಟ್ಟದ್ದು ಮೆಹಬೂಬಿಯನ್ನು. ವಿಜಯಪುರ ಕಡೆಯವಳು, ರೋಗಿಗಳ ಆರೈಕೆ ಮಾಡಿಯೇ ಇಬ್ಬರು ಮಕ್ಕಳನ್ನು ಓದಿಸಿದವಳು. ಬೆಳಿಗ್ಗೆ ಬಂದವಳೇ, 'ಯಾಕ್ರೀ ಅಜ್ಜಿ, ಇವತ್ತರ ಮಾತಾಡ್ತೀರೋ ಇಲ್ಲೋ' ಎಂದು ಶುರು ಮಾಡುತ್ತಿದ್ದಳು. ಅಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

ನಾನೂ ಆಫೀಸಿನಿಂದ ಬಂದು ಸ್ಟೂಲಿನ ಮೇಲೆ ಕೂತು ಮೇಷ್ಟರಾಗುತ್ತಿದ್ದೆ. ಹಾಲಿನ ಲೋಟ ಹಿಡಿದು 'ಹಾಲು, ಹಾಲು' ಎನ್ನುವುದು, ಅನ್ನ ತೋರಿಸಿ 'ಅನ್ನ' ಎನ್ನುವುದು. ಒಂದು ದಿನ ಶಶಿಕಲಾ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, 'ಎಂತ ಮಾರಾಯ್ರೆ, ನೀವು ಯಾವತ್ತು ಅಮ್ಮನ ಹತ್ರ ಹಾಲು ಅಂದದ್ದು? ಅವರಿಗೆ ಅದು ಪೇರ್ ಅಲ್ವಾ?' ಎಂದಳು.

ಹೌದಲ್ಲ. ನಮ್ಮ ಮನೆಯಲ್ಲಿ ಹಾಲು ಪೇರ್, ಅನ್ನ ನುಪ್ಪು. ನಾನು ನನ್ನ ಅಮ್ಮನಿಗೆ ಅವಳು ಪತ್ರಿಕೆಯಲ್ಲಿ ಓದುವ ಭಾಷೆಯಲ್ಲಿ ಬಾಯಿಪಾಠ ಮಾಡಿಸುತ್ತಿದ್ದೆ. ಅವತ್ತೇ ತುಳುವಿಗೆ ತಿರುಗಿದೆ. ಪೇರ್ ಎಂದೆ, ನುಪ್ಪು ಎಂದೆ. 'ಅಮ್ಮಾ, ಒಣಸ್ ಆಂಡಾ?' ಎಂದು ಊಟವಾಯಿತೇ ಕೇಳಿದೆ. ಈಗ ಬಂತು, ಈಗ ಬಂತು ಎಂದು ಕಾದೆ. ತುಟಿ ಅದುರುತ್ತಿತ್ತು, ಮುಖ ಕೆಂಪಾಗುತ್ತಿತ್ತು, ಆಮೇಲೆ ಗೋಡೆಯ ಕಡೆ ತಿರುಗುತ್ತಿದ್ದಳು. ಇಷ್ಟು ದಿನ ತಪ್ಪು ಭಾಷೆಯಲ್ಲಿ ಕಾಡಿಸಿದ್ದಕ್ಕೆ ಸಿಟ್ಟು ಬಂದಿರಬೇಕು ಅಂದುಕೊಂಡೆ. ನನಗೆ ಬೇಕಾಗಿದ್ದದ್ದು ಬಹಳವೇನಲ್ಲ. ಒಂದು ಸಲ 'ಸದಾ' ಎಂದು ನನ್ನನ್ನು ಕರೆದರೆ ಸಾಕಿತ್ತು.

ಅದೇ ಮಳೆಗಾಲ ಊರಲ್ಲೆಲ್ಲ ಭಾಷೆಯ ಗಲಾಟೆ. ಮರಾಠಿ ಯಾಕೆ ಮಾತಾಡುವುದಿಲ್ಲ ಎಂದು ಅಂಗಡಿಯವರನ್ನು ನಿಲ್ಲಿಸಿ ಕೇಳುವುದು, ಕೆನ್ನೆಗೆ ಬಾರಿಸುವುದು, ಅದನ್ನು ಮೊಬೈಲಿನಲ್ಲಿ ಹಿಡಿದು ಹಂಚುವುದು. ಲೋಕಲಿನಲ್ಲಿ ಸೀಟಿಗಾಗಿ ಶುರುವಾದ ಜಗಳವೂ ಕುರ್ಲಾ ದಾಟುವಷ್ಟರಲ್ಲಿ ಭಾಷೆಯ ಜಗಳವಾಗುತ್ತಿತ್ತು. ನನಗೆ ಮರಾಠಿ ಚೆನ್ನಾಗಿ ಬರುತ್ತದೆ, ಹಾಗಾಗಿ ಹೆದರಿಕೆ ಇರಲಿಲ್ಲ, ಆದರೆ ಯಾರ ಕಡೆ ನಿಲ್ಲಬೇಕು ಎನ್ನುವುದು ತಿಳಿಯುತ್ತಿರಲಿಲ್ಲ. ಬೆಂಗಳೂರಿನಿಂದ ಶಶಿಕಲಾಳ ತಮ್ಮ ಫೋನ್ ಮಾಡಿ, 'ಇಲ್ಲಿ ಹತ್ತು ವರ್ಷದಿಂದ ಇದ್ದಾರೆ ಭಾವ, ಒಂದಕ್ಷರ ಕನ್ನಡ ಬರೂದಿಲ್ಲ ಅವ್ರಿಗೆ' ಎಂದರೆ, 'ಅದು ತಪ್ಪು, ಕಲಿಯಲೇಬೇಕು' ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಫೋನ್ ಇಟ್ಟು ಟಿವಿ ನೋಡಿದರೆ ಇಲ್ಲಿಯವರು ಅದನ್ನೇ ಹೇಳುತ್ತಿದ್ದರು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಲ್ಲಿ ಹೌದೆಂದದ್ದನ್ನು ಇಲ್ಲಿ ಅಲ್ಲವೆನ್ನುವುದು ಹೇಗೆ? 'ನೀವು ಮೊದಲು ಒಂದು ಕಡೆ ನಿಲ್ಲಿ' ಎಂದು ಶಶಿಕಲಾ ನಗುತ್ತಿದ್ದಳು. ಹೊಡೆಯುವುದು ತಪ್ಪು ಎನ್ನುವುದೊಂದು ಮಾತ್ರ ನನಗೆ ಖಚಿತವಿತ್ತು. ಅದರಾಚೆ ಎಲ್ಲ ಮಬ್ಬು.

ನಮ್ಮ ಓಣಿಯಲ್ಲಿ ಈ ಚಳವಳಿಯ ಮುಂದಾಳು ಸಂದೇಶ್ ಎಂಬಾತ. ಮೂವತ್ತರ ಆಸುಪಾಸು, ನಗುಮುಖ, ನೀರು ಬರದಿದ್ದರೆ ಟ್ಯಾಂಕರ್ ತರಿಸಿಕೊಡುತ್ತಿದ್ದವನೂ ಅವನೇ. ಅವನ ಪಕ್ಷ ಒಡೆದು ಎರಡಾಗಿತ್ತು. ಎರಡರ ಬ್ಯಾನರಿನಲ್ಲೂ ಅದೇ ಹಳೆಯ ನಾಯಕರ ಫೋಟೋ ಇರುತ್ತಿತ್ತು. ಸಂದೇಶ್ ಯಾವ ಹೋಳಿನವ ಎನ್ನುವುದು ನನಗೆ ಕೊನೆಗೂ ಗೊತ್ತಾಗಲಿಲ್ಲ, ಕೇಳಲು ಸಂಕೋಚ.

ಶ್ರಾವಣದ ಒಂದು ಸಂಜೆ ಆಫೀಸಿನಿಂದ ಬರುವಾಗ ಬಿಲ್ಡಿಂಗಿನ ಕೆಳಗೆ ಐದಾರು ಜನ ಸೇರಿದ್ದರು. ಗೇಟಿನ ಬೋರ್ಡು ಮರಾಠಿಯಲ್ಲಿ ಯಾಕಿಲ್ಲ ಎಂದು ಸಂದೇಶ್ ವಾಚ್‌ಮನ್‌ನನ್ನು ವಿಚಾರಿಸುತ್ತಿದ್ದ. ಮಳೆ ಬಿಟ್ಟಿತ್ತೆಂದು ಮೆಹಬೂಬಿ ಅಮ್ಮನನ್ನು ವೀಲ್‌ಚೇರಿನಲ್ಲಿ ಕೆಳಗೆ ಕರೆತಂದಿದ್ದಳು. ಮುಂದೇನಾಗುವುದೋ ಎಂದು ನಾನು ಬೇಗ ಬೇಗ ಹೆಜ್ಜೆ ಹಾಕಿದೆ. ಅಷ್ಟರಲ್ಲಿ ಸಂದೇಶ್ ಅಮ್ಮನ ಎದುರು ಬಗ್ಗಿ, 'ಕಾಯ್ ಆಜೀ, ಬರೀ ಆಹೇಸ್ ನಾ?' ಎಂದು ಕ್ಷೇಮ ಕೇಳಿದ.

'ಬರೀ ಆಹೇ ರೇ ಬಾಳಾ' ಎಂದಳು ಅಮ್ಮ. 'ಜೇವ್ಲಾಸ್ ಕಾ?'

ಚೆನ್ನಾಗಿದ್ದೇನೆ ಮಗೂ, ಊಟವಾಯಿತೇ. ಎಡವಲಿಲ್ಲ, ತಡವರಿಸಲಿಲ್ಲ. ಜೋಗೇಶ್ವರಿಯ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದ ಅದೇ ಧಾಟಿ. ನನ್ನ ಕೈಯಿಂದ ಕೊಡೆ ಬಿತ್ತು. ಮೆಹಬೂಬಿ 'ಯಾ ಅಲ್ಲಾ' ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಸಂದೇಶನಿಗೆ ಇದೇನೂ ಗೊತ್ತಿಲ್ಲ, ಅವನು ಊಟವಾಯಿತು ಎಂದ, ಅಮ್ಮ ಏನು ಪಲ್ಯ ಎಂದು ಕೇಳಿದಳು. ಅವನ ಜೊತೆಯವನೊಬ್ಬ ಮೊಬೈಲ್ ಎತ್ತಿ ಹಿಡಿದಿದ್ದ.

ಸಂತೋಷವಾಗಬೇಕಿತ್ತು. ಆಯಿತು ಕೂಡ, ಕಣ್ಣಲ್ಲಿ ನೀರೇ ಬಂತು. ಅದರ ಬೆನ್ನಿಗೇ ಹೊಟ್ಟೆಕಿಚ್ಚೂ ಆಯಿತು. ನಾನು ಅಷ್ಟು ದಿನ ಸ್ಟೂಲಿನ ಮೇಲೆ ಕೂತು ಗೋಗರೆದಿದ್ದು ಒಂದು ಶಬ್ದಕ್ಕಾಗಿ, ಅದು ದಾರಿಯಲ್ಲಿ ಹೋಗುವವನಿಗೆ ಪುಕ್ಕಟೆ ಸಿಕ್ಕಿತು. ಲಿಫ್ಟಿನಲ್ಲಿ ಮೇಲೆ ಹೋಗುವಾಗ ತುಳುವಿನಲ್ಲಿ 'ಅಮ್ಮಾ, ಇನ್ನೊಮ್ಮೆ ಮಾತಾಡು' ಎಂದೆ. ಮತ್ತೆ ಅದೇ ತುಟಿಯ ನಡುಕ, ಅದೇ ಮೌನ.

ಡಾಕ್ಟರಿಗೆ ಫೋನ್ ಮಾಡಿದರೆ ಅವರಿಗೆ ಆಶ್ಚರ್ಯವೇ ಇಲ್ಲ. 'ಹೀಗೂ ಆಗುತ್ತದೆ. ಯಾವ ಭಾಷೆ ಮೊದಲು ಮರಳುತ್ತದೆ ಎಂದು ಹೇಳಲು ಬರುವುದಿಲ್ಲ. ಉಳಿದದ್ದು ಬರಬಹುದು, ಬಾರದೆಯೂ ಇರಬಹುದು. ಅವರಿಗೆ ಮರಾಠಿ ಇಷ್ಟು ಚೆನ್ನಾಗಿ ಬರುತ್ತದೆ ಎಂದು ನೀವು ಹೇಳಲೇ ಇಲ್ಲವಲ್ಲ?'

'ನೀವು ಮಾತೃಭಾಷೆ ಕೇಳಿದಿರಿ' ಎಂದೆ.

'ಬಂದದ್ದನ್ನು ಹಿಡಿದುಕೊಳ್ಳಿ. ಮನೆಯವರೆಲ್ಲ ಮರಾಠಿಯಲ್ಲೇ ಮಾತಾಡಿಸಿ' ಎಂದು ಫೋನ್ ಇಟ್ಟರು.

ಮನೆಯವರೆಲ್ಲ ಮಾತಾಡಿಸಿದರು. ಶಶಿಕಲಾ ತಾನು ತರಕಾರಿಯವನ ಹತ್ತಿರ ಆಡುವ ಮರಾಠಿಯಲ್ಲಿ ಅತ್ತೆಯನ್ನು ವಿಚಾರಿಸಿಕೊಂಡಳು. ನಿಕಿತಾ ಶಾಲೆಯಲ್ಲಿ ಕಲಿತ ಮರಾಠಿ ಹಿಡಿದು ಅಜ್ಜಿಯ ಹಾಸಿಗೆಯಲ್ಲೇ ಬಿಡಾರ ಹೂಡಿದಳು. ಹುಟ್ಟಿದಂದಿನಿಂದ ಒಂದೇ ಮನೆಯಲ್ಲಿದ್ದ ಇಬ್ಬರು ಆ ಮಳೆಗಾಲದಲ್ಲಿ ಮೊದಲ ಸಲ ಪರಿಚಯವಾದರು. ನಳಿನಿ ಮೌಶಿಯ ಜೊತೆ ಯಾವುದೋ ಬಂಗುಡೆಗಾಗಿ ಮಾಡಿದ ಜಗಳ, ಅಪ್ಪ ಮೊದಲ ಸಂಬಳದಲ್ಲಿ ತಂದ ಸೀರೆಯ ಬಣ್ಣ, ನನಗೆ ಗೊತ್ತಿಲ್ಲದ ಎಷ್ಟೋ ಸಂಗತಿ ಮಗಳಿಗೆ ಗೊತ್ತಾಯಿತು. 'ಪಪ್ಪಾ, ಅಜ್ಜಿ ಇಷ್ಟು ಫನ್ನಿ ಇದ್ದಾರೆ, ನೀವು ಹೇಳಲೇ ಇಲ್ಲ' ಎನ್ನುತ್ತಿದ್ದಳು. ಒಳಗಿನ ಕೋಣೆಯಿಂದ ನಗು ಕೇಳಿಸುತ್ತಿತ್ತು. ನಾನು ಹೋಗಿ ಬಾಗಿಲಲ್ಲಿ ನಿಂತರೆ ಅಮ್ಮ ಸುಮ್ಮನಾಗುತ್ತಿದ್ದಳು.

ಯಾಕೆಂದರೆ ನಾನೊಬ್ಬನೇ ಅವಳ ಜೊತೆ ಮರಾಠಿ ಆಡುತ್ತಿರಲಿಲ್ಲ. ನಾಲಿಗೆ ಏಳುತ್ತಿರಲಿಲ್ಲ. ಇಡೀ ದಿನ ಆಫೀಸಿನಲ್ಲಿ ಆಡಿದ ಭಾಷೆ ಆ ಕೋಣೆಯ ಹೊಸ್ತಿಲಲ್ಲಿ ನಿಂತುಬಿಡುತ್ತಿತ್ತು. ಒಂದು ದಿನ ಮೆಹಬೂಬಿಯ ಮುಂದೆ ಇದನ್ನು ಹೇಳಿಕೊಂಡೆ. ಅವಳು ಬಟ್ಟೆ ಮಡಚುತ್ತ, 'ಅಜ್ಜಿಗಿ ಮಾತ್ ಬಂತಲ್ರಿ ಸಾಹೇಬ್ರ. ಬಂದದ್ದು ಸಾಲಂಗಿಲ್ಲೇನ್ರಿ ನಿಮಗ?' ಎಂದಳು. ಸಾಲದು ಎಂದು ಹೇಳಲು ನಾಚಿಕೆಯಾಯಿತು, ಸಾಕು ಎಂದರೆ ಸುಳ್ಳಾಗುತ್ತಿತ್ತು.

ಇತ್ತ ಆ ವಿಡಿಯೋ ಊರು ಸುತ್ತಿತು. 'ಕರ್ನಾಟಕದ ಅಜ್ಜಿಯ ಮರಾಠಿ ಕೇಳಿ, ನಿಮಗೆಲ್ಲ ಏನು ರೋಗ' ಎಂದು ಅದರ ಮೇಲೆ ಬರೆದಿದ್ದರು. ನಮ್ಮ ಕನ್ನಡ ಸಂಘದ ಹಿರಿಯರಾದ ಶೇಖರಣ್ಣ ಫೋನ್ ಮಾಡಿದರು. 'ಸದಾನಂದ, ಎಂತದು ಇದು? ಅಮ್ಮನನ್ನು ಅವರ ಪ್ರಚಾರಕ್ಕೆ ಕೊಟ್ಟಿಯಾ? ನಾವು ಇಲ್ಲಿ ಇಷ್ಟು ವರ್ಷ ಕನ್ನಡ ಕನ್ನಡ ಅಂತ ಸತ್ತದ್ದು ಇದಕ್ಕಾ?' ವಿಡಿಯೋದ ಕೆಳಗೆ ಯಾರೋ ಕನ್ನಡದಲ್ಲಿ, ತಾಯಿನುಡಿ ಮಾರಿಕೊಂಡ ಮುದುಕಿ ಎಂದು ಬರೆದಿದ್ದರು. ಹೊಗಳಿದವರಿಗೂ ಗೊತ್ತಿರಲಿಲ್ಲ, ಬೈದವರಿಗೂ ಗೊತ್ತಿರಲಿಲ್ಲ, ಅವಳ ಬಳಿ ಬೇರೆ ಯಾವ ಮಾತೂ ಉಳಿದಿಲ್ಲ ಎಂದು. ಶೇಖರಣ್ಣನಿಗೆ ಪಾರ್ಶ್ವವಾಯುವಿನ ವಿಷಯ ಹೇಳಿದೆ. ಅವರು ಪಾಪ, ಬಹಳ ನೊಂದುಕೊಂಡರು. ಆಮೇಲೆ ಮೆತ್ತಗೆ, 'ಆದರೂ ನೋಡು, ಕನ್ನಡದಲ್ಲಿ ಒಂದೆರಡು ಶಬ್ದ ಬರ್ತದಾ ಅಂತ' ಎಂದರು.

ಗಣಪತಿ ಹಬ್ಬ ಹತ್ತಿರ ಬಂದಾಗ ಸಂದೇಶ್ ಮನೆಗೇ ಬಂದ. ತಮ್ಮ ಮಂಡಳದಲ್ಲಿ ಒಂದು ಸಂಜೆಯ ಆರತಿಯ ಮಾನ ಆಜಿಗೆ ಎಂದ. ಮುಂಬಯಿಯಲ್ಲಿ ಆರತಿಯ ಮಾನ ಅಂದರೆ ಸಣ್ಣದಲ್ಲ, ದೊಡ್ಡ ಪುಢಾರಿಗಳೂ ಅದಕ್ಕಾಗಿ ಹೇಳಿಸಿಕೊಂಡು ಬರುತ್ತಾರೆ. ಬೇಡ ಎನ್ನಲು ಬಾಯಿ ತೆರೆದೆ. ಒಳಗಿನಿಂದ ಅಮ್ಮ ಮರಾಠಿಯಲ್ಲಿ ನಿಕಿತಾಳಿಗೆ ಯಾವ ಸೀರೆ ತೆಗೆಯಬೇಕೆಂದು ಆಗಲೇ ಹೇಳುತ್ತಿದ್ದಳು.

ಜಿಟಿಜಿಟಿ ಮಳೆಯಲ್ಲಿ ಮಂಟಪಕ್ಕೆ ಹೋದೆವು. ಅಮ್ಮ ಎಡಗೈಯಲ್ಲಿ ಆರತಿ ತಟ್ಟೆ ಹಿಡಿದಳು, ನಿಕಿತಾ ಕೆಳಗಿನಿಂದ ಕೈ ಕೊಟ್ಟಿದ್ದಳು. ಎಲ್ಲರ ಜೊತೆ ಅಮ್ಮ ಪೂರ್ತಿ ಆರತಿ ಹಾಡಿದಳು, ಒಂದು ಸಾಲೂ ತಪ್ಪಲಿಲ್ಲ. ಮುಗಿದ ಮೇಲೆ ಬಿಳಿ ಬಟ್ಟೆಯ ನಾಯಕರೊಬ್ಬರು ಮೈಕ್ ಹಿಡಿದು, 'ಆಜೀ, ಎಲ್ಲರಿಗೂ ಹೇಳಿ, ನಿಮ್ಮ ಊರು ಯಾವುದು?' ಎಂದು ಕೇಳಿದರು. ಕರ್ನಾಟಕ ಎಂಬ ಉತ್ತರ ಬಂದರೆ ಮುಂದೆ ಆಡಬೇಕಾದ ಮಾತು ಅವರ ಬಾಯಲ್ಲಿ ತಯಾರಿತ್ತು. 'ಜೋಗೇಶ್ವರಿ' ಎಂದಳು ಅಮ್ಮ. ನಾಯಕರು ಒಂದು ಗಳಿಗೆ ತಬ್ಬಿಬ್ಬಾಗಿ, ಗಣಪತಿಗೆ ಜೈಕಾರ ಹಾಕಿಸಿ ಮೈಕ್ ಬೇರೆಯವರಿಗೆ ದಾಟಿಸಿದರು. ನಾನು ಜನರ ನಡುವೆ ನಿಂತು ನಕ್ಕೆ, ಆ ತಿಂಗಳುಗಳಲ್ಲಿ ಮನಸ್ಸು ಬಿಚ್ಚಿ ನಕ್ಕದ್ದು ಅದೊಂದೇ ಸಲ.

ವಿಸರ್ಜನೆಯ ಮರುದಿನ ನಾನು ರಜೆ ಹಾಕಿದ್ದೆ. ಶಶಿಕಲಾ ಮತ್ತು ನಿಕಿತಾ ಹೊರಗೆ ಹೋಗಿದ್ದರು, ಮೆಹಬೂಬಿ ಊರಿಗೆ ಹೋಗಿದ್ದಳು. ಮಧ್ಯಾಹ್ನ ಗಂಜಿ ಮಾಡಿ ಅಮ್ಮನಿಗೆ ಉಣ್ಣಿಸಿದೆ. ತುಳುವಿನಲ್ಲಿ ಎರಡು ಮಾತು ಕೇಳಿದೆ, ಅದೇ ತುಟಿಯ ನಡುಕ. ಹೊರಗೆ ಮಳೆ ಹಿಡಿದಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ, ನನ್ನ ಸೋಲು ನೋಡುವವರು ಯಾರೂ ಇರಲಿಲ್ಲ ಎನ್ನುವುದಕ್ಕೋ ಏನೋ, ಬಾಯಿಂದ ಮರಾಠಿ ಬಂತು. 'ಪೇಜ್ ಚಾಂಗ್ಲೀ ಝಾಲೀ ಕಾ?' ಗಂಜಿ ಚೆನ್ನಾಗಿ ಆಗಿದೆಯಾ ಎಂದು ಕೇಳಿದೆ.

ಅಮ್ಮ ತಿರುಗಿ ನನ್ನನ್ನು ನೋಡಿದಳು. ಎಡಗೈಯಿಂದ ಸೆರಗು ಸರಿಪಡಿಸಿಕೊಂಡಳು, ಹೊರಗಿನ ಗಂಡಸರು ಬಂದಾಗ ಮಾಡುತ್ತಿದ್ದ ಹಾಗೆ. 'ಹೋ, ಛಾನ್ ಝಾಲೀ. ತುಮ್ಹೀ ಜೇವ್ಲಾತ್ ಕಾ?'

ಚೆನ್ನಾಗಿದೆ, ನಿಮ್ಮ ಊಟವಾಯಿತೇ. ನೀವು ಎಂದಳು, ನನಗೆ. ಆಯಿತು ಎಂದು ಮರಾಠಿಯಲ್ಲೇ ಉತ್ತರಿಸಿದೆ, ಇನ್ನೇನು ಮಾಡುವುದು ತಿಳಿಯಲಿಲ್ಲ.

'ನನಗೊಬ್ಬ ಮಗ ಇದ್ದಾನೆ' ಎಂದಳು ಅಮ್ಮ ಮರಾಠಿಯಲ್ಲೇ, ಆರಾಮವಾಗಿ, ನೆರೆಯವರ ಬಳಿ ಹೇಳುವಂತೆ. 'ಪರೇಲಿನಲ್ಲಿ ಕೆಲಸ. ಗಾಡಿ ನಿಂತರೆ ಅರ್ಧ ದಾರಿ ನಡೆದೇ ಬರುತ್ತಾನೆ, ಹೇಳಿದರೂ ಕೇಳುವುದಿಲ್ಲ.'

'ನಿಮ್ಮ ಜೊತೆ ಮಾತಾಡುತ್ತಾನಾ?' ಎಂದೆ.

'ಆಡುತ್ತಾನೆ. ದಿನಾ ಬಂದು ಅಲ್ಲಿ ಕೂತು ನಮ್ಮ ಮಾತಿನಲ್ಲಿ ಕೇಳುತ್ತಾನೆ. ನನಗೆ ಎಲ್ಲ ತಿಳಿಯುತ್ತದೆ. ಉತ್ತರ ಇಲ್ಲಿವರೆಗೆ ಬರುತ್ತದೆ' ಎಂದು ಗಂಟಲು ಮುಟ್ಟಿ ತೋರಿಸಿದಳು. 'ಆಮೇಲೆ ಬರುವುದಿಲ್ಲ. ಅಮ್ಮನಿಗೆ ಸಿಟ್ಟು ಅಂದುಕೊಂಡಿದ್ದಾನೆ ಅವನು. ಮುಖ ನೋಡಿದರೆ ಗೊತ್ತಾಗುತ್ತದೆ.'

ನಾನು ಬಟ್ಟಲು ಹಿಡಿದುಕೊಂಡೇ ಕೂತಿದ್ದೆ. ಅವಳಿಗೆ ನಾನು ಯಾರೆಂದು ಗೊತ್ತಿತ್ತೋ, ನಿಜವಾಗಿ ಯಾರೋ ಬಂದವರು ಎಂದೇ ತಿಳಿದಳೋ, ಅಥವಾ ನನಗೆ ತಲುಪಿಸಲು ಅವಳಿಗೆ ಉಳಿದಿದ್ದ ದಾರಿ ಅದೊಂದೇ ಆಗಿತ್ತೋ. ಅಮ್ಮ ಹೋದ ಮೇಲೂ ಈ ಗೊಂದಲ ನನ್ನನ್ನು ಬಿಟ್ಟಿಲ್ಲ.

'ನೀವು ಸಿಕ್ಕಿದರೆ ಅವನಿಗೊಂದು ಮಾತು ಹೇಳಿ' ಎಂದಳು. 'ಅಮ್ಮನಿಗೆ ಸಿಟ್ಟಿಲ್ಲ. ದಿನಾ ಬಾ, ಕೇಳುವುದನ್ನು ನಿಲ್ಲಿಸಬೇಡ ಅಂತ.'

ಹೇಳುತ್ತೇನೆ ಎಂದು ಮರಾಠಿಯಲ್ಲಿ ಮಾತು ಕೊಟ್ಟೆ. ಎದ್ದು ಅಡುಗೆಮನೆಗೆ ಹೋಗಿ ಬಟ್ಟಲು ತೊಳೆದೆ, ಮುಖವನ್ನೂ ತೊಳೆದುಕೊಂಡೆ. ಮತ್ತೆ ಒಳಗೆ ಬಂದು ಅವಳ ಹತ್ತಿರ ಕೂತೆ.

'ಅಮ್ಮಾ' ಎಂದೆ ತುಳುವಿನಲ್ಲಿ. 'ಒಬ್ಬರು ಸಿಕ್ಕಿದ್ದರು. ನಿನಗೆ ಸಿಟ್ಟಿಲ್ಲವಂತೆ, ಹೇಳಿದರು.'

ಅಮ್ಮ ನನ್ನ ಮುಖ ನೋಡಿ ಹೌದೆಂದು ತಲೆಯಾಡಿಸಿದಳು.